ಮಾಧ್ಯಮಗಳಲ್ಲಿ ಹಿಂಸೆ ಮತ್ತು ಲೈಂಗಿಕ ದೃಶ್ಯಗಳು: ಸಮಾಜದ ದೃಷ್ಟಿ ಹಾಗೂ ಪ್ರಮಾಣೀಕರಣ ವ್ಯವಸ್ಥೆ

ಪೀಠಿಕೆ

ಹೊಡೆದಾಟ, ಕೊಲೆ ಹಾಗೂ ರಕ್ತಪಾತದ ದೃಶ್ಯಗಳನ್ನು ಕುಟುಂಬದ ಸದಸ್ಯರೆಲ್ಲರೂ ಒಟ್ಟಿಗೆ ಕುಳಿತು ವೀಕ್ಷಿಸುವುದು ಸಾಮಾನ್ಯವಾಗಿದೆ. ಆದರೆ ಚುಂಬನದ ದೃಶ್ಯ ಬಂದೊಡನೆ ವಾಹಿನಿಯನ್ನು ಬದಲಾಯಿಸಲಾಗುತ್ತದೆ. ಮುಜುಗರ ಉಂಟುಮಾಡದ ದೃಶ್ಯವು ಮಕ್ಕಳಿಗೆ ಹಾನಿಕರವಲ್ಲವೆಂಬ ಭಾವನೆಯು ಇದರಿಂದ ಬೆಳೆಯುತ್ತದೆ. ಮುಜುಗರ ಬೇರೆ, ಹಾನಿ ಬೇರೆ ಎಂಬುದನ್ನು ಪೋಷಕರು ಗಮನಿಸುವುದು ಅವಶ್ಯಕ.

ಪರಂಪರೆಯ ಹಿನ್ನೆಲೆ

ಭರತನ ನಾಟ್ಯಶಾಸ್ತ್ರವು ಇವೆರಡಕ್ಕೂ ರಂಗದ ಮೇಲೆ ಮಿತಿಯನ್ನು ವಿಧಿಸಿದೆ. ಯುದ್ಧ, ಮರಣ ಮುಂತಾದವುಗಳನ್ನು ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕದ ಮೂಲಕ ಸೂಚಿಸಬೇಕೆಂದೂ, ತಂದೆ, ಮಗ, ಅತ್ತೆ, ಸೊಸೆಯರು ಕೂಡಿ ನೋಡುವ ನಾಟಕದಲ್ಲಿ ಚುಂಬನ, ಆಲಿಂಗನಗಳು ಸಲ್ಲವೆಂದೂ ಅದು ತಿಳಿಸುತ್ತದೆ. ಕಾಲಾಂತರದಲ್ಲಿ ಈ ಸಮತೋಲನ ಉಳಿಯಲಿಲ್ಲ. ಯಕ್ಷಗಾನದಲ್ಲಿ ಯುದ್ಧ ಹಾಗೂ ವಧೆಗಳು ಕುಣಿತದ ರೂಪದಲ್ಲಿ ರಂಗವನ್ನೇರಿದವು. ಮತ್ತೊಂದೆಡೆ, ದೇವಾಲಯಗಳ ಹೊರಭಿತ್ತಿಯಲ್ಲಿ ಮಿಥುನ ಶಿಲ್ಪಗಳು ಸ್ಥಾನ ಪಡೆದಿವೆ.

ಕಾನೂನಿನ ನಿಲುವು

ಚಲನಚಿತ್ರ ಕಾಯ್ದೆ, 1952ರ ಕಲಂ 5ಬಿ ಪ್ರಕಾರ ಸಭ್ಯತೆ ಅಥವಾ ನೈತಿಕತೆಗೆ ವಿರುದ್ಧವಾದ ಹಾಗೂ ಅಪರಾಧಕ್ಕೆ ಪ್ರಚೋದನೆ ನೀಡುವ ಚಿತ್ರಗಳಿಗೆ ಪ್ರಮಾಣಪತ್ರ ನೀಡುವಂತಿಲ್ಲ. 1991ರ ಡಿಸೆಂಬರ್ 6ರ ಮಾರ್ಗಸೂಚಿಯು ಹಿಂಸೆಯನ್ನು ವೈಭವೀಕರಿಸಬಾರದೆಂದು ಸೂಚಿಸುವುದರ ಜೊತೆಗೆ ಅಶ್ಲೀಲತೆಯನ್ನೂ, ಮಹಿಳೆಯರ ಮೇಲಿನ ಲೈಂಗಿಕ ಹಿಂಸೆಯ ವಿವರವಾದ ಚಿತ್ರಣವನ್ನೂ ತಡೆಯುತ್ತದೆ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ದಲ್ಲಿ ಅಶ್ಲೀಲ ವಿಷಯಕ್ಕೆ ಕಲಂ 67 ಹಾಗೂ ಲೈಂಗಿಕ ಕೃತ್ಯದ ಚಿತ್ರಣಕ್ಕೆ ಕಲಂ 67ಎ ಇದ್ದು, ಹಿಂಸೆಯ ಚಿತ್ರಣಕ್ಕೆ ಅಂತಹ ಪ್ರತ್ಯೇಕ ಕಲಂ ಇರುವುದಿಲ್ಲ.

ನ್ಯಾಯಾಲಯದ ತೀರ್ಪುಗಳು

ಕೆ.ಎ. ಅಬ್ಬಾಸ್ ಪ್ರಕರಣದಲ್ಲಿ (1970) ಸರ್ವೋಚ್ಚ ನ್ಯಾಯಾಲಯವು ಲೈಂಗಿಕತೆ ಮತ್ತು ಅಶ್ಲೀಲತೆ ಯಾವಾಗಲೂ ಒಂದೇ ಅಲ್ಲವೆಂದೂ, ವಸ್ತುವಿಗಿಂತ ಅದನ್ನು ನಿರ್ವಹಿಸಿದ ರೀತಿ ಮುಖ್ಯವೆಂದೂ ಸ್ಪಷ್ಟಪಡಿಸಿತು. ‘ಬ್ಯಾಂಡಿಟ್ ಕ್ವೀನ್’ ಪ್ರಕರಣದಲ್ಲಿ (1996) ಅತ್ಯಾಚಾರಕ್ಕೊಳಗಾದ ಮಹಿಳೆಯನ್ನು ವಿವಸ್ತ್ರಗೊಳಿಸಿ ಅವಮಾನಿಸುವ ದೃಶ್ಯವು ಕಾಮವನ್ನಲ್ಲ, ಸಂತ್ರಸ್ತೆಯ ಬಗ್ಗೆ ಕನಿಕರವನ್ನೂ ತಪ್ಪಿತಸ್ಥರ ಬಗ್ಗೆ ಜುಗುಪ್ಸೆಯನ್ನೂ ಮೂಡಿಸುತ್ತದೆಂದು ಅಭಿಪ್ರಾಯಪಟ್ಟು, ‘ಎ’ ಪ್ರಮಾಣಪತ್ರವನ್ನು ಎತ್ತಿಹಿಡಿಯಿತು.

ಇತರ ದೇಶಗಳಲ್ಲಿ

ಅಮೆರಿಕದ ಸುಪ್ರೀಂ ಕೋರ್ಟ್ 1968ರಲ್ಲಿ ಅಪ್ರಾಪ್ತರಿಗೆ ಲೈಂಗಿಕ ಚಿತ್ರಗಳಿರುವ ಪತ್ರಿಕೆಗಳ ಮಾರಾಟವನ್ನು ನಿರ್ಬಂಧಿಸಬಹುದೆಂದು ತೀರ್ಪಿತ್ತಿತು. ಅದೇ ನ್ಯಾಯಾಲಯವು 2011ರಲ್ಲಿ ಅಪ್ರಾಪ್ತರಿಗೆ ಹಿಂಸಾತ್ಮಕ ವಿಡಿಯೋ ಆಟಗಳ ಮಾರಾಟವನ್ನು ನಿಷೇಧಿಸಿದ್ದ ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನನ್ನು ರದ್ದುಪಡಿಸಿತು. ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಅವರು ಭಿನ್ನ ತೀರ್ಪಿನಲ್ಲಿ ಈ ವೈರುಧ್ಯವನ್ನು ಪ್ರಶ್ನಿಸಿದರು. ಇದಕ್ಕೆ ವ್ಯತಿರಿಕ್ತವಾಗಿ, ಮಕ್ಕಳ ಚಿತ್ರವೆಂದು ಹಲವೆಡೆ ಪ್ರದರ್ಶಿತವಾದ ‘ಇ.ಟಿ.’ (1982) ಚಿತ್ರಕ್ಕೆ ಸ್ವೀಡನ್‌ನಲ್ಲಿ 11 ವರ್ಷದ ವಯೋಮಿತಿಯನ್ನು ವಿಧಿಸಲಾಗಿತ್ತು.

ಪ್ರಮಾಣೀಕರಣದ ವರ್ಗಗಳು

ಚಲನಚಿತ್ರ (ತಿದ್ದುಪಡಿ) ಕಾಯ್ದೆ, 2023ರ ನಂತರ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯು ಈ ಕೆಳಕಂಡ ವರ್ಗಗಳಲ್ಲಿ ಪ್ರಮಾಣಪತ್ರ ನೀಡುತ್ತದೆ:

1. ಯು – ಎಲ್ಲರ ವೀಕ್ಷಣೆಗೆ.
2. ಯುಎ 7+, ಯುಎ 13+, ಯುಎ 16+ – ಸೂಚಿತ ವಯಸ್ಸಿಗಿಂತ ಕಿರಿಯರಿಗೆ ಪೋಷಕರ ಮಾರ್ಗದರ್ಶನ ಅಗತ್ಯ.
3. ಎ – 18 ವರ್ಷ ತುಂಬಿದವರಿಗೆ ಮಾತ್ರ.
4. ಎಸ್ – ನಿರ್ದಿಷ್ಟ ವೃತ್ತಿ ಅಥವಾ ವರ್ಗದ ಜನರಿಗೆ ಮಾತ್ರ.

ಯುಎ ವರ್ಗದ ವಯೋಸೂಚನೆಯನ್ನು ಜಾರಿಗೊಳಿಸುವ ಹೊಣೆಯು ಪೋಷಕರದ್ದೇ ಆಗಿರುತ್ತದೆ, ಚಿತ್ರಮಂದಿರದ ಸಿಬ್ಬಂದಿಯದ್ದಲ್ಲ. ಮಂಡಳಿಯ ಒಂಬತ್ತು ಪ್ರಾದೇಶಿಕ ಕಚೇರಿಗಳ ಪೈಕಿ ಒಂದು ಬೆಂಗಳೂರಿನಲ್ಲಿದೆ.

ಅಂತರಜಾಲದ ಚಿತ್ರ ಹಾಗೂ ಸರಣಿಗಳಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಅನ್ವಯಿಸುತ್ತವೆ. ಇವುಗಳ ವರ್ಗೀಕರಣವನ್ನು ಪ್ರಕಾಶಕರೇ ಮಾಡಬೇಕು. ಹಿಂಸೆ, ನಗ್ನತೆ, ಲೈಂಗಿಕತೆ, ಭಾಷೆ, ಮಾದಕ ವಸ್ತು ಬಳಕೆ ಇವೆಲ್ಲವನ್ನೂ ಪರಿಗಣಿಸಬೇಕು. 13+ ಹಾಗೂ ಮೇಲ್ಪಟ್ಟ ವರ್ಗಗಳಿಗೆ ಪೋಷಕರ ಬೀಗದ ಸೌಲಭ್ಯವನ್ನು ಒದಗಿಸುವುದು ಕಡ್ಡಾಯ.

ಪೋಷಕರ ಗಮನಕ್ಕೆ

• ವಯೋಸೂಚನೆಯ ಜೊತೆಯಲ್ಲಿ ನೀಡಿರುವ ಕಾರಣವನ್ನೂ ಓದತಕ್ಕದ್ದು. ‘ಹಿಂಸೆ’ ಎಂಬ ಪದಕ್ಕೆ ‘ನಗ್ನತೆ’ ಎಂಬ ಪದಕ್ಕೆ ನೀಡುವಷ್ಟೇ ಮಹತ್ವವನ್ನು ನೀಡುವುದು ಸೂಕ್ತ.
• ಪೋಷಕರ ಬೀಗದ ಗುಪ್ತಸಂಖ್ಯೆಯನ್ನು ಮಕ್ಕಳಿಗೆ ತಿಳಿಸಬಾರದು.
• ಲೈಂಗಿಕ ಹಿಂಸೆಯ ದೃಶ್ಯ ಮಗುವಿನ ಕಣ್ಣಿಗೆ ಬಿದ್ದಲ್ಲಿ, ವಾಹಿನಿಯನ್ನು ಬದಲಾಯಿಸಿ ಸುಮ್ಮನಾಗುವುದು ಸಾಲದು. ಪರಸ್ಪರ ಒಪ್ಪಿಗೆಯ ಪ್ರೀತಿಗೂ ಬಲಾತ್ಕಾರಕ್ಕೂ ಇರುವ ವ್ಯತ್ಯಾಸವನ್ನು ಮಗುವಿನ ವಯಸ್ಸಿಗೆ ತಕ್ಕಂತೆ ವಿವರಿಸಬೇಕು. ಎರಡನ್ನೂ ಸಮಾನವಾಗಿ ಮರೆಮಾಚಿದಲ್ಲಿ ಎರಡೂ ಒಂದೇ ಬಗೆಯವೆಂದು ಮಗು ತಿಳಿಯುವ ಸಂಭವವಿರುತ್ತದೆ.
• ನಾಯಕನ ಹಿಂಸೆಯನ್ನು ಶೌರ್ಯವೆಂದು ಮಕ್ಕಳೆದುರು ಹೊಗಳುವ ಮುನ್ನ, ಪೆಟ್ಟು ತಿಂದವನ ನೋವನ್ನು ಚಿತ್ರವು ತೋರಿಸಿದೆಯೇ ಎಂಬುದನ್ನು ಗಮನಿಸತಕ್ಕದ್ದು.