ಪಡುಗಡಲನ್ನು ದಾಟಿದ ಹಾಯಿಗಳು

ಬೆಂಗಳೂರಿನ ದಕ್ಷಿಣ ಅಂಚಿನಲ್ಲಿರುವ ಬೇಗೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ, ಕಡಲಿನ ಗಾಳಿಯೂ ಸೋಕದ ಒಳನಾಡಿನ ಊರಾದರೂ, ಹಾಯಿಯ ಕಾಲದ ಸಾಗರಯಾನವನ್ನು ಅರ್ಥಮಾಡಿಕೊಳ್ಳಲು ಅದರ ಸ್ಥಾನವೊಂದೇ ಸಾಕಷ್ಟು ನೆರವಾಗುತ್ತದೆ. ಬೇಗೂರು, ಅದರ ನೇರ ಪಶ್ಚಿಮಕ್ಕಿರುವ ಮಂಗಳೂರು ಮತ್ತು ಅರಬ್ಬೀ ಸಮುದ್ರದಾಚೆ ಕೆಂಪುಸಮುದ್ರದ ಬಾಗಿಲಿನಲ್ಲಿರುವ ಏಡನ್, ಈ ಮೂರೂ ಸರಿಸುಮಾರು 12.8 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಒಂದೇ ಅಕ್ಷಾಂಶದ ಊರುಗಳಲ್ಲಿ ಧ್ರುವನಕ್ಷತ್ರ ದಿಗಂತದಿಂದ ಒಂದೇ ಎತ್ತರದಲ್ಲಿ ಕಾಣುವುದರಿಂದ, ಮಂಗಳೂರಿನಿಂದ ಹೊರಟ ನಾವಿಕನು ಆ ನಕ್ಷತ್ರವನ್ನು ಅದೇ ಎತ್ತರದಲ್ಲಿ ಉಳಿಸಿಕೊಂಡು ಪಶ್ಚಿಮಕ್ಕೆ ಸಾಗಿದರೆ, ದಾರಿಯಲ್ಲಿ ಸೊಕೋತ್ರಾ ದ್ವೀಪವನ್ನು ಗುರುತಿಸಿಕೊಂಡು, ಸುಮಾರು 3,200 ಕಿಲೋಮೀಟರ್ ಆಚೆಯ ಏಡನ್ ಬಳಿಗೆ ತಲುಪಬಹುದಿತ್ತು.

ಇಂಥ ಒಳನಾಡಿಗೆ ಆ ಯಾನದಿಂದ ಬರಬೇಕಾದದ್ದು ಮುಖ್ಯವಾಗಿ ಕುದುರೆ. ಗಂಗ ಅರಸ ಎರೆಯಪ್ಪನ ಕಾಲದ, ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲಿನ ಮೇಲೆ ನಾಗತ್ತರನೆಂಬ ವೀರನ ಕೊನೆಯ ಕಾಳಗವನ್ನು ಬಿಡಿಸಿರುವ ಶಿಲ್ಪಿ ಆನೆಗೆ ಎದುರಾಗಿ ಕುದುರೆಯನ್ನು ನಿಲ್ಲಿಸಿದ್ದಾನೆ. ಆ ಕುದುರೆ ಎಲ್ಲಿಯದೆಂದು ಕಲ್ಲು ಹೇಳುವುದಿಲ್ಲವಾದರೂ, ಮುಂದಿನ ಶತಮಾನಗಳಲ್ಲಿ ಪ್ರಸ್ಥಭೂಮಿಯ ಅರಸರು ಒಳ್ಳೆಯ ಯುದ್ಧಕುದುರೆಗಾಗಿ ಅರೇಬಿಯ ಮತ್ತು ಪರ್ಷಿಯದ ರೇವುಗಳನ್ನೇ ನೆಚ್ಚಿಕೊಂಡಿದ್ದರು ಎಂಬುದಕ್ಕೆ ದಾಖಲೆಗಳು ಧಾರಾಳವಾಗಿವೆ. ವಿಜಯನಗರದ ಅರಸನು ಹೊರ್ಮುಜ್‌ನವೂ ನಾಡತಳಿಯವೂ ಸೇರಿ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಬರೆದಿರುವ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೋ ನೂನಿಜ್, ಅದಕ್ಕಿಂತ ಕುತೂಹಲಕರವಾದ ಇನ್ನೊಂದು ಸಂಗತಿಯನ್ನೂ ದಾಖಲಿಸಿದ್ದಾನೆ: ಸಾಳುವ ನರಸಿಂಹನು ಸಾವಿರ ಪರ್ದಾವೋಗೆ ಮೂರರಂತೆ ಕುದುರೆಗಳನ್ನು ಕೊಳ್ಳುತ್ತಿದ್ದನಲ್ಲದೆ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನು. ಪರ್ದಾವೋ ಎಂದರೆ ಆ ಕಾಲದ ಚಿನ್ನದ ನಾಣ್ಯ. ದಾರಿಯ ನಷ್ಟವನ್ನು ಅರಸನೇ ಹೊರುವ ಈ ಏರ್ಪಾಡನ್ನು ದೊರೆಯ ಧಾರಾಳತನವೆನ್ನುವುದಕ್ಕಿಂತ ಒಂದು ಬಗೆಯ ವಿಮೆ ಎನ್ನುವುದೇ ಸರಿ. ಏಕೆಂದರೆ ಕಡಲು ದಾಟುವ ಸಿದ್ಧತೆ ಹಗ್ಗ, ಹಾಯಿ, ನೀರಿನ ಪೀಪಾಯಿಗಳಿಂದಲ್ಲ, ಮುಳುಗಿದರೆ ಯಾರು ತೆರಬೇಕೆಂಬ ಒಪ್ಪಂದದಿಂದ ಆರಂಭವಾಗುತ್ತಿತ್ತು.

ಅದರ ನಂತರ ಬರುವುದು ಕಾಲದ ಆಯ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಬೀಸುವಾಗ ಕರ್ನಾಟಕದ ಕರಾವಳಿಯ ಬಂದರುಗಳು ಬಹುಮಟ್ಟಿಗೆ ಮುಚ್ಚಿರುತ್ತಿದ್ದವು. ಶರಾವತಿಯ ಹೊನ್ನಾವರ, ಅಘನಾಶಿನಿಯ ತದಡಿ, ಗಂಗೊಳ್ಳಿಯ ಒಳಗಿನ ಬಸರೂರು, ನೇತ್ರಾವತಿ-ಗುರುಪುರ ನದಿಗಳ ಮಂಗಳೂರು ಇವೆಲ್ಲ ಅಳಿವೆ ಬಂದರುಗಳು, ಅಂದರೆ ನದಿ ಕಡಲನ್ನು ಸೇರುವ ಬಾಯಿಯಲ್ಲಿ ಬೆಳೆದವು. ಮಳೆಗಾಲದಲ್ಲಿ ಅಳಿವೆಯ ಮರಳುದಿಬ್ಬದ ಮೇಲೆ ಒಡೆಯುವ ಅಲೆಗಳನ್ನು ದಾಟಿ ಹೊರಹೋಗುವುದು ಯಾವ ಹಾಯಿಹಡಗಿಗೂ ಸಾಧ್ಯವಿರಲಿಲ್ಲ. ಶ್ರಾವಣದ ಹುಣ್ಣಿಮೆಯಂದು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುವ ಕರಾವಳಿಯ ಪದ್ಧತಿ ಮಳೆಗಾಲದ ಬಿರುಸು ಇಳಿಯುವ ಹೊತ್ತಿಗೆ ಸರಿಯಾಗಿ ಬರುತ್ತದೆ. ಆ ಬಳಿಕ ಗಾಳಿ ತಿರುಗಿ, ಈಶಾನ್ಯದಿಂದ ಹದವಾಗಿ ಬೀಸತೊಡಗಿದಾಗ ಹಡಗುಗಳು ಅರೇಬಿಯ ಮತ್ತು ಆಫ್ರಿಕದ ಕಡೆಗೆ ಹೊರಡುತ್ತಿದ್ದವು. ನೈಋತ್ಯ ಮಾರುತದ ಬಿರುಸು ಏರುವ ಮುನ್ನ ಅಥವಾ ಅದು ಇಳಿದ ಮೇಲೆ, ಅದರ ಅಂಚಿನ ಗಾಳಿಯನ್ನು ಹಿಡಿದು ಮರಳುತ್ತಿದ್ದವು. ಹೀಗಾಗಿ ಮಂಗಳೂರಿನ ವ್ಯಾಪಾರಿಯೊಬ್ಬನು ಏಡನ್‌ಗೆ ಬರೆದ ಓಲೆಗೆ ಉತ್ತರ ಪಡೆಯಲು ಒಂದು ಋತುವಾದರೂ ಕಾಯಬೇಕಾಗಿತ್ತು.

ಹಡಗುಗಳ ವಿಚಾರದಲ್ಲಿ ಹೊರಗಿನವರ ಬರಹಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಈ ಕಡಲಿನ ಹಡಗುಗಳ ಹಲಗೆಗಳನ್ನು ಕಬ್ಬಿಣದ ಮೊಳೆಗಳಿಂದ ಬಿಗಿಯದೆ, ಅಂಚಿನುದ್ದಕ್ಕೂ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಹೊಲಿದು, ಸಂದುಗಳನ್ನು ತುಂಬಿ, ಮೀನೆಣ್ಣೆ ಬಳಿಯುತ್ತಿದ್ದರು. 13ನೆಯ ಶತಮಾನದಲ್ಲಿ ಹೊರ್ಮುಜ್‌ನಲ್ಲಿ ಇಂಥವನ್ನು ಕಂಡ ಮಾರ್ಕೋ ಪೋಲೋ ಅವು ಬಲು ಕೆಟ್ಟ ಹಡಗುಗಳೆಂದು ಬರೆದರೆ, 14ನೆಯ ಶತಮಾನದಲ್ಲಿ ಅವುಗಳಲ್ಲೇ ವರ್ಷಗಟ್ಟಲೆ ಓಡಾಡಿದ ಇಬ್ನ್ ಬತೂತಾ, ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುವುದು, ಹೊಲಿದದ್ದು ಬಾಗಿ ತಾಳಿಕೊಳ್ಳುವುದು ಎಂದು ಕಾರಣ ಕೊಟ್ಟಿದ್ದಾನೆ. ಇಬ್ಬರಲ್ಲಿ ಎರಡನೆಯವನ ಮಾತಿಗೇ ಹೆಚ್ಚು ತೂಕ ಸಲ್ಲಬೇಕು. ಮರಳುದಿಬ್ಬದ ಮೇಲೆ ತಳ ಉಜ್ಜಿಕೊಂಡೇ ಒಳಬರಬೇಕಾದ ಅಳಿವೆ ಬಂದರುಗಳಿಗೆ ಬಾಗುವ ಹಡಗೇ ತಕ್ಕದ್ದಾಗಿತ್ತು. ಹೊಲಿಗೆಗೆ ಒಂದು ಬೆಲೆಯಂತೂ ಇತ್ತು: ಹುರಿ ಕೊಳೆಯುವುದರಿಂದ ಅದನ್ನು ಕಾಲಕಾಲಕ್ಕೆ ಬದಲಿಸಬೇಕಾಗಿತ್ತು, ಮರಕೊರಕ ಹುಳುಗಳಿಂದ ತಳವನ್ನು ಕಾಯಲು ಹಡಗನ್ನು ದಂಡೆಗೆಳೆದು ಪಕ್ಕಕ್ಕೆ ಮಲಗಿಸಿ, ಕೆರೆದು, ಮತ್ತೆ ಎಣ್ಣೆ ಬಳಿಯಬೇಕಾಗಿತ್ತು. ಬಂದರು ಮುಚ್ಚಿದ ಮಳೆಗಾಲದ ತಿಂಗಳುಗಳು ಈ ಕೆಲಸಕ್ಕೆ ಒದಗುತ್ತಿದ್ದವು. ನಂತರದ ಕಾಲದಲ್ಲಿ ಈ ತೀರದಲ್ಲೆಲ್ಲ ಓಡಾಡಿದ ಪತ್ತೆಮಾರಿಯೆಂಬ ಸರಕು ಹಡಗನ್ನು 1834ರಲ್ಲಿ ವಿವರಿಸಿದ ಜಾನ್ ಈಡ್ ಎಂಬ ಬ್ರಿಟಿಷ್ ಹಡಗು ತಜ್ಞನು ಅದರ ಉದ್ದವನ್ನು ಸುಮಾರು 76 ಅಡಿ ಎಂದಿದ್ದಾನೆ. ಇಂದಿನ ದೊಡ್ಡ ವಿಹಾರನೌಕೆಗಿಂತ ಅದೇನೂ ಬಹಳ ಹಿರಿದಲ್ಲ.

ಕಡಲ ನಡುವೆ ದಾರಿ ತಿಳಿಯಲು ಬಳಸುತ್ತಿದ್ದ ಸಾಧನ ಅತಿ ಸರಳವಾದದ್ದು. ಕಮಾಲ್ ಎಂದು ಅರಬ್ಬರು ಕರೆಯುತ್ತಿದ್ದ ಅಂಗೈಯಗಲದ ಹಲಗೆಯ ನಡುವೆ ಗಂಟುಗಳಿರುವ ದಾರ ಕಟ್ಟಿರುತ್ತಿತ್ತು. ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಅಂಚು ದಿಗಂತಕ್ಕೂ ಮೇಲಂಚು ಧ್ರುವನಕ್ಷತ್ರಕ್ಕೂ ತಾಗುವಂತೆ ಹಿಡಿದಾಗ ಎಷ್ಟನೆಯ ಗಂಟು ಬಾಯಿಗೆ ಬಂದಿತೆಂಬುದರಿಂದ ಅಕ್ಷಾಂಶ ತಿಳಿಯುತ್ತಿತ್ತು. ಆಗ ಆ ನಕ್ಷತ್ರ ನಿಜವಾದ ಧ್ರುವಬಿಂದುವಿನಿಂದ ಕೆಲವು ಡಿಗ್ರಿ ದೂರವಿದ್ದುದರಿಂದ, ಅದನ್ನು ರಾತ್ರಿಯ ಯಾವ ಹೊತ್ತಿನಲ್ಲಿ ಅಳೆಯಬೇಕೆಂಬುದನ್ನು ಬೇರೆ ನಕ್ಷತ್ರಗಳ ಸ್ಥಾನ ನೋಡಿ ನಿರ್ಧರಿಸುತ್ತಿದ್ದರು. ಪೂರ್ವ-ಪಶ್ಚಿಮವಾಗಿ ಎಷ್ಟು ದೂರ ಬಂದೆವೆಂಬುದನ್ನು ಮಾತ್ರ ಅಳೆಯುವ ಉಪಾಯವಿರಲಿಲ್ಲ. ನೀರಿನ ಬಣ್ಣ, ಹಕ್ಕಿ, ತೇಲಿಬರುವ ಹಾವುಗಳಿಂದ ತೀರ ಹತ್ತಿರವಾಯಿತೆಂದು ತಾಂಡೇಲನು, ಅಂದರೆ ಹಡಗಿನ ಯಜಮಾನನು, ಊಹಿಸಬೇಕಾಗಿತ್ತು.

ಈ ಸಂಚಾರದ ಅತ್ಯಂತ ನಿಕಟವಾದ ಚಿತ್ರ ದೊರೆಯುವುದು ಕೈರೋದ ಯಹೂದಿ ಪ್ರಾರ್ಥನಾಮಂದಿರದ ಗೆನೀಜಾದಲ್ಲಿ, ಎಂದರೆ ಹಳೆಯ ಕಾಗದಪತ್ರಗಳನ್ನು ನಾಶಮಾಡದೆ ಕೂಡಿಹಾಕುತ್ತಿದ್ದ ಕೋಣೆಯಲ್ಲಿ. ಟ್ಯುನೀಸಿಯ ಮೂಲದ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿ, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತ, ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣಗಳನ್ನು ಏಡನ್‌ಗೆ ಕಳಿಸಿ, ತಾಮ್ರ, ಕಾಗದ, ಸಕ್ಕರೆ, ಒಣದ್ರಾಕ್ಷಿಗಳನ್ನು ತರಿಸಿಕೊಳ್ಳುತ್ತಿದ್ದನು. ಅವನ ಪರವಾಗಿ ಸರಕಿನೊಡನೆ ಕಡಲು ದಾಟಿ ವ್ಯವಹಾರ ಮುಗಿಸಿ ಬರುತ್ತಿದ್ದವನು ಒಬ್ಬ ಸ್ಥಳೀಯ ಆಳು. ಅಮಿತಾವ ಘೋಷ್ 1992ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ವಿದ್ವಾಂಸ ಬಿ. ಎ. ವಿವೇಕ ರೈ ಅವರ ನೆರವಿನಿಂದ, ಆ ಹೆಸರನ್ನು ಬೊಮ್ಮ ಎಂದು ಗುರುತಿಸಿದ್ದಾರೆ. ಹೊಲಿಗೆಯ ಹಡಗಿನಲ್ಲಿ ಅರಬ್ಬೀ ಸಮುದ್ರವನ್ನು ದಾಟಿದ ಅಸಂಖ್ಯಾತ ಕರಾವಳಿಗರಲ್ಲಿ ಹೆಸರು ಉಳಿದುಬಂದವರು ಇಂಥ ಒಬ್ಬಿಬ್ಬರೇ. ಬೆನ್ ಯಿಜುವಿಗೆ ಏಡನ್‌ನಿಂದ ಬಂದ ಒಂದು ಪತ್ರ ಅಪಘಾತವೊಂದನ್ನು ತಿಳಿಸುತ್ತದೆ: ಮೆಣಸು, ಕಬ್ಬಿಣ ಹೇರಿಕೊಂಡ ಹಡಗು ಗಾಳಿಗೆ ಸಿಕ್ಕಿ ಬಾಬ್ ಎಲ್ ಮಂಡೆಬ್ ಜಲಸಂಧಿಯಲ್ಲಿ ಒಡೆದು, ಮೆಣಸೆಲ್ಲ ಹೋಯಿತು, ಏಡನ್‌ನಿಂದ ಮುಳುಗುಗಾರರನ್ನು ಕರೆಸಿ ಕಬ್ಬಿಣದಲ್ಲಿ ಅರ್ಧದಷ್ಟನ್ನು ಮೇಲೆತ್ತಲಾಯಿತು. ಪತ್ರದ ಧಾಟಿಯಲ್ಲಿ ಗಾಬರಿಗಿಂತ ಲೆಕ್ಕಾಚಾರವೇ ಹೆಚ್ಚು.

ಕಡಲ ದಾರಿಯಲ್ಲಿ ಸಾಗಿದ್ದು ವ್ಯಾಪಾರದ ಸರಕಷ್ಟೇ ಅಲ್ಲ, ಯುದ್ಧದ ಕುದುರೆಯೂ ಹೌದು. ಹೊನ್ನಾವರದ ಸುಲ್ತಾನ ಜಮಾಲುದ್ದೀನನು ಗೋವೆಯ ಮೇಲೆ ನಡೆಸಿದ ದಂಡಯಾತ್ರೆಗೆ 52 ಹಡಗುಗಳನ್ನು ಸಜ್ಜುಗೊಳಿಸಿದ್ದನ್ನು ಕಣ್ಣಾರೆ ಕಂಡ ಇಬ್ನ್ ಬತೂತಾ, ಹಿಂಬದಿ ತೆರೆದುಕೊಳ್ಳುವ ಎರಡು ಹಡಗುಗಳಲ್ಲಿ ಕುದುರೆಗಳಿದ್ದವೆಂದೂ, ಸವಾರರು ಒಳಗೇ ಕುದುರೆಯೇರಿ ನೇರವಾಗಿ ದಡಕ್ಕೆ ಹೊರಬರುತ್ತಿದ್ದರೆಂದೂ ಬರೆದಿದ್ದಾನೆ.

ಗಾಳಿಯ ಪಂಚಾಂಗವನ್ನು ಮೀರಿದವರಿಗೆ ಏನಾಗುತ್ತಿತ್ತೆಂಬುದಕ್ಕೆ ಕಾರವಾರದ ಎದುರಿನ ಅಂಜದೀವ ದ್ವೀಪ ಸಾಕ್ಷಿಯಾಗಿದೆ. ವಾಸ್ಕೋ ಡ ಗಾಮಾ 1498ರ ಏಪ್ರಿಲ್ 24ರಂದು ಆಫ್ರಿಕದ ಮಲಿಂದಿಯಿಂದ ಹೊರಟು, ಈ ಕಡಲನ್ನು ಬಲ್ಲ ಮಾರ್ಗದರ್ಶಕನೊಬ್ಬನ ನೆರವಿನಿಂದ ಒಂದು ತಿಂಗಳೊಳಗೆ, ಮೇ 20ರಂದು, ಕಲ್ಲಿಕೋಟೆಯ ಬಳಿ ಲಂಗರು ಹಾಕಿದನು. ಆ ಮಾರ್ಗದರ್ಶಕ ಪ್ರಖ್ಯಾತ ಅರಬ್ ನಾವಿಕ ಇಬ್ನ್ ಮಾಜಿದ್ ಎಂಬ ಮಾತು ಇಂದಿಗೂ ಪುಸ್ತಕದಿಂದ ಪುಸ್ತಕಕ್ಕೆ ಹರಿದುಬರುತ್ತಿದೆಯಾದರೂ, ಪೋರ್ಚುಗೀಸ್ ಇತಿಹಾಸಕಾರರು ಅವನನ್ನು ಗುಜರಾತಿನವನೆಂದೇ ಬರೆದಿದ್ದಾರೆ. ಮರಳುವಾಗ ಗಾಮಾನ ಹಡಗುಗಳು ಅಂಜದೀವದಲ್ಲಿ ತಂಗಿ, ತಳ ಕೆರೆಸಿಕೊಂಡು, ಸಿಹಿನೀರು ತುಂಬಿಕೊಂಡು ಅಕ್ಟೋಬರ್ 5ರಂದು ಹೊರಟವು. ನೈಋತ್ಯ ಮಾರುತ ಅಡಗಿ ಈಶಾನ್ಯದ ಗಾಳಿ ಇನ್ನೂ ನೆಲೆಗೊಳ್ಳದ ಆ ದಿನಗಳಲ್ಲಿ ಕಡಲು ಗಾಳಿಯಿಲ್ಲದೆ ಬಿದ್ದಿರುತ್ತದೆ, ಇಲ್ಲವೇ ಗಾಳಿ ಎದುರಾಗಿ ಬೀಸುತ್ತದೆ. ಬರುವಾಗ ತಿಂಗಳೂ ಹಿಡಿಯದ ದಾರಿ ಹೋಗುವಾಗ ಮೂರು ತಿಂಗಳಿಗೆ ಹತ್ತಿರ ಹಿಡಿಯಿತು. ತಾಜಾ ಹಣ್ಣು ತರಕಾರಿಗಳಿಲ್ಲದೆ ಬರುವ, ಒಸಡು ಊದಿ ಮೈ ಕೊಳೆಯಿಸುವ ಸ್ಕರ್ವಿ ರೋಗಕ್ಕೆ 30 ಮಂದಿ ಬಲಿಯಾದರು. ಹಡಗೊಂದಕ್ಕೆ ದುಡಿಯಬಲ್ಲವರು ಏಳೆಂಟು ಮಂದಿಯಷ್ಟೇ ಉಳಿದರು. 1499ರ ಜನವರಿಯಲ್ಲಿ ಮಲಿಂದಿ ಮುಟ್ಟಿದ ಮೇಲೆ, ನಡೆಸಲು ಆಳುಗಳಿಲ್ಲವೆಂದು ಒಂದು ಹಡಗನ್ನು ಸುಟ್ಟುಹಾಕಬೇಕಾಯಿತು. ಹಡಗಿನ ಗಾತ್ರದಲ್ಲಾಗಲಿ ಗಟ್ಟಿತನದಲ್ಲಾಗಲಿ ಅವರಿಗೆ ಕೊರತೆಯಿರಲಿಲ್ಲ. ಕಾರವಾರದ ಕಡೆಯ ಯಾವ ತಾಂಡೇಲನನ್ನು ಕೇಳಿದ್ದರೂ ಇನ್ನಷ್ಟು ದಿನ ಕಾಯಲು ಹೇಳುತ್ತಿದ್ದನು. ಗಾಳಿ ಅನುಕೂಲವಾಗಿದ್ದರೂ ಸಿದ್ಧತೆ ಹದ ತಪ್ಪಬಹುದೆಂಬುದಕ್ಕೆ ಟಿಪ್ಪು ಸುಲ್ತಾನನು 1786ರ ಮಾರ್ಚ್‌ನಲ್ಲಿ ತದಡಿಯಿಂದ ತುರ್ಕಿಗೆ ಕಳುಹಿದ ನಾಲ್ಕು ಹಡಗುಗಳ ನಿಯೋಗ ನಿದರ್ಶನವಾಗಿದೆ. ನೂರಾರು ಜನ, ಹೇರಳ ಸರಕು ತುಂಬಿ ಹೊರಟ ಆ ನಿಯೋಗದಲ್ಲಿ ಊರಿಗೆ ಮರಳಿದವರು ಕೆಲವರಷ್ಟೇ.

ಹಬೆಹಡಗು ಬಂದ ಮೇಲೆ ದೂರದ ಯಾನ ಹಾಯಿಯ ಕೈತಪ್ಪಿ, ಪತ್ತೆಮಾರಿ, ಮಂಜಿಯಂಥ ಹಾಯಿಹಡಗುಗಳು ಹೆಂಚು, ಅಕ್ಕಿ, ತೆಂಗಿನಕಾಯಿಗಳ ತೀರಸಂಚಾರಕ್ಕೂ ಲಕ್ಷದ್ವೀಪದ ಸಾಗಣೆಗೂ ಇಳಿದವು. ಭಾರತೀಯರು ಮತ್ತೆ ಸಣ್ಣ ಹಾಯಿದೋಣಿಯಲ್ಲಿ ಮಹಾಸಾಗರಕ್ಕೆ ಇಳಿದದ್ದು ವ್ಯಾಪಾರಕ್ಕಲ್ಲ, ಸಾಹಸಕ್ಕೆ. ಸೇನೆಯ ಇಂಜಿನಿಯರ್ ದಳದ ಅಧಿಕಾರಿಗಳು 1985ರಿಂದ 1987ರ ಜನವರಿವರೆಗೆ ಕೇವಲ 37 ಅಡಿ ಉದ್ದದ ತೃಷ್ಣಾ ಎಂಬ ಯಾಟ್‌ನಲ್ಲಿ, ಅಂದರೆ ವಿಹಾರಕ್ಕೂ ಪಂದ್ಯಕ್ಕೂ ಕಟ್ಟುವ ಹಾಯಿನೌಕೆಯಲ್ಲಿ, ಭೂಮಿಯನ್ನು ಸುತ್ತಿಬಂದರು. ಬಳಿಕ ನೌಕಾಪಡೆಯ ದಿಲೀಪ್ ದೋಂದೆ 2009ರ ಆಗಸ್ಟ್ 19ರಂದು ಮುಂಬಯಿಯಿಂದ ಒಬ್ಬರೇ ಹೊರಟು 2010ರ ಮೇ 19ರಂದು ಮರಳಿದರು. ಅಭಿಲಾಷ್ ಟೋಮಿ 2012-13ರಲ್ಲಿ ಎಲ್ಲಿಯೂ ನಿಲ್ಲದೆ ಸುತ್ತಿದರು. ಇಬ್ಬರ ನೌಕೆಯೂ ಗೋವೆಯ ದೀವಾಡಿ ದ್ವೀಪದಲ್ಲಿ ಕಟ್ಟಿದ ಮ್ಹಾದೆಯಿ. ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ನದಿಯ ಹೆಸರು ಕನ್ನಡಿಗರಿಗೆ ನ್ಯಾಯಾಧಿಕರಣದ ಸುದ್ದಿಯಿಂದಷ್ಟೇ ಪರಿಚಿತವಾಗಿರುವಾಗ, ಅದೇ ಹೆಸರು ಜಗತ್ತನ್ನು ಎರಡು ಬಾರಿ ಸುತ್ತಿಬಂದಿದೆ. ತಳದಲ್ಲಿ ಸೀಸದ ಭಾರವಿರುವ, ಎದುರುಗಾಳಿಗೂ ಓರೆಯಾಗಿ ನುಗ್ಗಬಲ್ಲ ಇಂಥ ನೌಕೆಗೆ ಆಗಸ್ಟ್‌ನಲ್ಲಿ ಮುಂಬಯಿ ಬಿಡುವುದು ಸಾಧ್ಯವಾಯಿತು. ಆದರೆ ದಕ್ಷಿಣ ಅಮೆರಿಕದ ತುದಿಯ ಹಾರ್ನ್ ಭೂಶಿರವನ್ನು ದಕ್ಷಿಣಾರ್ಧಗೋಳದ ಬೇಸಿಗೆಯಲ್ಲೇ ದಾಟಬೇಕೆಂಬ ನಿಯಮಕ್ಕೆ ಅದೂ ತಲೆಬಾಗಬೇಕಾಯಿತು. ಆರು ಮಂದಿ ನೌಕಾಧಿಕಾರಿಣಿಯರು 2017ರ ಸೆಪ್ಟೆಂಬರ್ 10ರಂದು ಗೋವೆಯಿಂದ ತಾರಿಣಿ ಎಂಬ ಹಾಯಿನೌಕೆಯಲ್ಲಿ ಹೊರಟಾಗಲೂ ದಿನಗಳನ್ನು ಎಣಿಸಿದ್ದು ಅದೇ ಲೆಕ್ಕದಿಂದ.

ಹಳೆಯ ಪಂಚಾಂಗವನ್ನು ಮತ್ತೆ ಪರೀಕ್ಷೆಗೆ ಒಡ್ಡಿದ್ದು ಕೌಂಡಿನ್ಯ. ಅಜಂತಾದ 5ನೆಯ ಶತಮಾನದ ಚಿತ್ರವೊಂದನ್ನು ಆಧರಿಸಿ, ಕೇರಳದ ಕುಶಲಕರ್ಮಿಗಳು ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ಗೋವೆಯಲ್ಲಿ ಕಟ್ಟಿದ, ಹಾಯಿಯ ಮೇಲೆ ಗಂಡಭೇರುಂಡವನ್ನು ಬಿಡಿಸಿರುವ ಈ ಯಂತ್ರರಹಿತ ಹಡಗನ್ನು ನೌಕಾಪಡೆ 2025ರ ಮೇ 21ರಂದು ಕಾರವಾರದಲ್ಲಿ ಸೇರಿಸಿಕೊಂಡಿತು. ಅದು ಮಳೆಗಾಲ ಕಳೆಯುವವರೆಗೆ ಕಾದು, ಈಶಾನ್ಯದ ಗಾಳಿ ನೆಲೆಗೊಂಡ ಬಳಿಕ ಡಿಸೆಂಬರ್ 29ರಂದು ಪೋರಬಂದರದಿಂದ ಹೊರಟು, 2026ರ ಜನವರಿಯಲ್ಲಿ ಮಸ್ಕತ್ ಬಂದರನ್ನು ಸೇರಿತು.