ರಾಕ್ ಸಂಗೀತದವರ ಸಹಾಯಾರ್ಥ ಕಚೇರಿ

ಸಹಾಯಾರ್ಥ ಪ್ರದರ್ಶನಗಳು ನಮ್ಮ ಸಂಘಗಳಿಗೆ ಹೊಸತಲ್ಲ. ರಾಕ್ ಸಂಗೀತದವರು ಅಂಥದೊಂದನ್ನು ಭಾರಿ ಪ್ರಮಾಣದಲ್ಲಿ ನಡೆಸಿದ್ದು 1971ರ ಆಗಸ್ಟ್ 1ರಂದು, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ. ಪೂರ್ವ ಬಂಗಾಳದ ನಿರಾಶ್ರಿತರಿಗಾಗಿ ಏನಾದರೂ ಮಾಡಬೇಕೆಂದು ಪಂಡಿತ ರವಿಶಂಕರರು ಕೇಳಿದ್ದೇ ತಡ, ಹಿಂದಿನ ವರ್ಷವಷ್ಟೇ ಒಡೆದಿದ್ದ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಕೆಲವೇ ವಾರಗಳಲ್ಲಿ ಬಾಬ್ ಡಿಲನ್, ಎರಿಕ್ ಕ್ಲಾಪ್ಟನ್ ಮೊದಲಾದವರನ್ನು ಕೂಡಿಸಿದರು. ರವಿಶಂಕರ್, ಅಲಿ ಅಕ್ಬರ್ ಖಾನರು ಶ್ರುತಿ ಸೇರಿಸಿಕೊಂಡಾಗಲೇ ಸಭಿಕರು ಚಪ್ಪಾಳೆ ತಟ್ಟಿಬಿಟ್ಟರು! ಶ್ರುತಿಯೇ ಇಷ್ಟು ಹಿಡಿಸಿದರೆ ವಾದನ ಇನ್ನೂ ಹಿಡಿಸೀತೆಂದು ಪಂಡಿತರು ನಗೆಯಾಡಿದರು.

ಟಿಕೆಟಿನ ಸುಮಾರು 2,43,000 ಡಾಲರು ಯುನಿಸೆಫ್‌ಗೆ ಸಂದಿತು. ನಮಗೆ ವ್ಯಥೆ ತರುವುದು ಧ್ವನಿಮುದ್ರಿಕೆಯ ಹಣದ ಕಥೆ. ಕಚೇರಿ ಯುನಿಸೆಫ್ ಸಹಾಯಾರ್ಥವೆಂದು ಮೊದಲೇ ನೋಂದಾಯಿಸಿರಲಿಲ್ಲ. ತೆರಿಗೆಯ ತಗಾದೆ ಎದ್ದು ಲಕ್ಷಾಂತರ ಡಾಲರು ವರ್ಷಗಟ್ಟಲೆ ಸಿಕ್ಕಿಕೊಂಡಿತು. ಅದು ಬಿಡುಗಡೆಯಾಗುವಷ್ಟರಲ್ಲಿ ಆ ನಿರಾಶ್ರಿತರಲ್ಲಿ ಬಹುಪಾಲು ಜನ ಊರು ಸೇರಿ ಬಹಳ ಕಾಲವಾಗಿತ್ತು.