ಹಳೆಯ ಸಮವಸ್ತ್ರ ಹೇಳುವ ಚರಿತ್ರೆ

1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಪಡೆಗಳಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. ಆ ಕಾಲದ್ದೆಂದು ಯಾರಾದರೂ ಖಾಕಿ ಸಮವಸ್ತ್ರ ತೋರಿಸಿದರೆ, ಹೊಸದಾಗಿ ಸಂಗ್ರಹಕ್ಕಿಳಿದಿರುವ ನಾನು ಮೊದಲು ನೋಡುವುದು ಹೊಲಿಗೆಯ ದಾರವನ್ನು. ಪಾಲಿಯೆಸ್ಟರ್ ನೂಲು ಬಂದದ್ದೇ 1941ರಲ್ಲಿ. ಬಿಚ್ಚಿಬಂದ ಎಳೆಯನ್ನು ಸುಟ್ಟರೆ ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಮಣಿಯಾಗುತ್ತದೆ. ಒಂದು ಕಡೆ ಮಾತ್ರ ಹಾಗಾದರೆ ಅದು ರಿಪೇರಿ ಇರಬಹುದು. ಎಲ್ಲೆಡೆಯೂ ಹಾಗಾದರೆ ನಕಲಿ. ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಟ್ಟೆಯ ಮೇಲೂ ಅನುಮಾನ. ಆದರೆ ಇಂದಿನ ಸೋಪಿನ ಪುಡಿಯಲ್ಲಿ ಒಗೆದರೆ ಅಸಲಿಯೂ ಹೊಳೆಯುತ್ತದೆ. ಆದ್ದರಿಂದ ಊರಿನವರಲ್ಲಿ ವಿನಂತಿ: ಟ್ರಂಕಿನಲ್ಲಿ ಅಜ್ಜನ ಸಮವಸ್ತ್ರವಿದ್ದರೆ ಒಗೆಯಬೇಡಿ, ಗುಂಡಿ ಬದಲಿಸಬೇಡಿ. ತೊಟ್ಟವರ ಹೆಸರು, ಪಡೆ, ಊರು ಬರೆದಿಡಿ. ಅದನ್ನು ಯಾವ ಪರೀಕ್ಷೆಯೂ ಹೇಳಲಾರದು, ಮನೆಯವರೇ ಹೇಳಬೇಕು.